ಟಂಡ್ರಾದಲ್ಲಿ ಗಿಡ ಎಣಿಸುವವರು



ಬ್ರಿಟಿಷರ ಕಾಲದಲ್ಲಿ ತಂದು ನೆಟ್ಟ ವ್ಯಾಟಲ್ ಮರ ಹುಲ್ಲುಗಾವಲನ್ನು ನುಂಗಿದ ಕಥೆಯನ್ನು ನಮ್ಮ ನೀಲಗಿರಿಯ ಬಂಧುಗಳಿಗೆ ಯಾರೂ ಹೇಳಬೇಕಾಗಿಲ್ಲ. ಸ್ವಲ್ಪ ಅದನ್ನೇ ಹೋಲುವ ಸಂಗತಿ ಭೂಮಿಯ ಉತ್ತರದ ಅಂಚಿನಲ್ಲೂ ನಡೆಯುತ್ತಿದೆ. ಆದರೆ ಅಲ್ಲಿ ಹಬ್ಬುತ್ತಿರುವುದು ಹೊರಗಿನ ಮರವಲ್ಲ, ಆ ನೆಲದ್ದೇ ಕುರುಚಲು ಗಿಡ. ಅದನ್ನು ಯಾರೂ ನೆಡಲಿಲ್ಲ. ಏರುತ್ತಿರುವ ತಾಪಮಾನವೇ ಅದನ್ನು ಬೆಳೆಸುತ್ತಿದೆ.

ಅಲಾಸ್ಕಾ, ಕೆನಡಾದ ಉತ್ತರ ಭಾಗ, ಗ್ರೀನ್‌ಲ್ಯಾಂಡ್, ಸೈಬೀರಿಯಾಗಳಲ್ಲಿ ಹರಡಿರುವ ಮರವಿಲ್ಲದ ಶೀತಬಯಲಿಗೆ ಟಂಡ್ರಾ ಎಂದು ಹೆಸರು. ಗಿಡ ಬೆಳೆಯಲು ಸಿಗುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಅಲ್ಲಿಯ ಕುಳ್ಳ ವಿಲೋ ಕೆಲವೇ ಸೆಂಟಿಮೀಟರ್ ಎತ್ತರ. ಗೊತ್ತಿಲ್ಲದವರು ತುಳಿದುಕೊಂಡೇ ಹೋಗುತ್ತಾರೆ.

ಈ ಗಿಡಗಳ ಮೇಲೆ ಬಿಸಿಯ ಪರಿಣಾಮವೇನು ಎಂದು ತಿಳಿಯಲು ಹಲವು ದೇಶಗಳ ವಿಜ್ಞಾನಿಗಳು 1990ರಲ್ಲಿ ‘ಅಂತರರಾಷ್ಟ್ರೀಯ ಟಂಡ್ರಾ ಪ್ರಯೋಗ’ವನ್ನು ಆರಂಭಿಸಿದರು. ಉಪಕರಣ ತೀರಾ ಸರಳ. ಮೇಲ್ಭಾಗ ತೆರೆದ, ಬೆಳಕು ಹಾಯುವ ಗೋಡೆಗಳ ಒಂದು ಪುಟ್ಟ ಆವರಣ. ಗಾಳಿ ತಡೆದು, ಬಿಸಿಲು ಹಿಡಿದು, ಒಳಗಿನ ತಾಪವನ್ನು 1ರಿಂದ 3 ಡಿಗ್ರಿ ಹೆಚ್ಚಿಸುತ್ತದೆ. ಕರೆಂಟೂ ಬೇಡ. ಪಕ್ಕದಲ್ಲೇ ಆವರಣವಿಲ್ಲದ ಇನ್ನೊಂದು ತುಂಡು ನೆಲ, ಹೋಲಿಕೆಗೆ. ದಾರ ಕಟ್ಟಿದ ಚೌಕಟ್ಟನ್ನು ಅದರ ಮೇಲಿಟ್ಟು, ದಾರಗಳು ಕೂಡುವ ಒಂದೊಂದು ಬಿಂದುವಿನಲ್ಲೂ ಕಡ್ಡಿ ಇಳಿಸಿ, ತಗಲಿದ ಗಿಡದ ಹೆಸರು ಬರೆದುಕೊಳ್ಳಬೇಕು. ಕೆಲವು ವರ್ಷ ಬಿಟ್ಟು ಮತ್ತೆ ಅದೇ ಜಾಗ, ಅದೇ ಬಿಂದು. ಸೊಳ್ಳೆಗಳ ನಡುವೆ ಮಂಡಿಯೂರಿ ಮಾಡುವ ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂದು ನಾವು ಬೆರಗಾದೆವು.

11 ಕಡೆಯ ಫಲಿತಾಂಶಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ಬಿಸಿ ಮಾಡಿದ ನೆಲದಲ್ಲಿ ಪೊದೆ, ಹುಲ್ಲುಗಳು ಎತ್ತರವಾಗಿ ಹರಡಿದ್ದವು. ಪಾಚಿ ಮತ್ತು ಕಲ್ಲುಹೂವು ಕಡಿಮೆಯಾಗಿದ್ದವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ಬಂಧುಗಳೇ ಅವು. ಚಳಿಗಾಲದಲ್ಲಿ ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದಕಿ ತಿನ್ನುವುದೂ ಅದನ್ನೇ.

2025ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. 1981ರಿಂದ 2022ರವರೆಗೆ ಉತ್ತರ ಧ್ರುವದ ಸುತ್ತಲ ಪ್ರದೇಶದಲ್ಲಿ 2,174 ತುಂಡು ನೆಲಗಳ ಲೆಕ್ಕವನ್ನು ಅದು ಪರಿಶೀಲಿಸಿತು. ಒಟ್ಟಾರೆ ನೋಡಿದರೆ ಗಿಡಜಾತಿಗಳ ಸಂಖ್ಯೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಏನೂ ಆಗಿಲ್ಲವೆಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ಶೇ. 59ರಷ್ಟು ನೆಲಗಳಲ್ಲಿ ಹಳೆಯ ಜಾತಿ ಹೋಗಿತ್ತು, ಇಲ್ಲವೇ ಹೊಸದು ಬಂದಿತ್ತು, ಕೆಲವೆಡೆ ಎರಡೂ ಆಗಿತ್ತು. ಹೆಚ್ಚು ಬಿಸಿಯಾದ ಕಡೆ ಹೊಸ ಜಾತಿಗಳು ಸೇರಿದ್ದವು. ಪೊದೆ ದಟ್ಟವಾದ ಕಡೆ ಬೇರೆ ಜಾತಿಗಳು ಕಳೆದುಹೋಗಿದ್ದವು. ಊರಿನ ಜನಸಂಖ್ಯೆ ಅಷ್ಟೇ ಇದ್ದರೂ ಮನೆಮನೆಯಲ್ಲಿ ಇರುವವರು ಬದಲಾದ ಹಾಗೆ. ಗಡಿಯೂರಿನವರಾದ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇದು ಅಲ್ಲಿಗೇ ಮುಗಿಯುವ ಮಾತಲ್ಲ. ಉತ್ತರದ ಹೆಪ್ಪುಗಟ್ಟಿದ ಮಣ್ಣಿನಲ್ಲಿರುವ ಇಂಗಾಲ, ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು. ಪೊದೆಗಳು ಚಳಿಗಾಲದಲ್ಲಿ ಹಿಮ ಹಿಡಿದಿಟ್ಟು, ಅದರಡಿಯ ಮಣ್ಣಿಗೆ ಕಂಬಳಿ ಹೊದಿಸಿದಂತೆ ಬೆಚ್ಚಗಿಡುತ್ತವೆ. ಬೇಸಿಗೆಯಲ್ಲಿ ಅವೇ ನೆರಳಾಗಿ ತಂಪು ಕೊಡುವುದೂ ಉಂಟು. ಹಾಗಾಗಿ ಲೆಕ್ಕ ಸುಲಭವಲ್ಲ.

ಹಿಮಸಾರಂಗಗಳು ಮೇಯುವ ಕಡೆ ಪೊದೆ ಅಷ್ಟು ಬೇಗ ಮೇಲೇಳುವುದಿಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಅವನ್ನು ತಲೆಮಾರುಗಳಿಂದ ಮೇಯಿಸುತ್ತ ಬಂದವರು ಸಾಮಿ ಜನ. ಈಗ ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬಿದ್ದು ಗಟ್ಟಿ ಮಂಜಿನ ಪದರ ಕಟ್ಟಿದಾಗ ಕಲ್ಲುಹೂವು ಗೊರಸಿಗೆ ಸಿಗುವುದಿಲ್ಲ. ಅಂಥ ವರ್ಷಗಳಲ್ಲಿ ಅವರು ಮೇವು ಕೊಂಡು ಹಾಕಬೇಕಾಗುತ್ತದೆ.