ತಪ್ಪು ಬೊಂಬೆಯ ಮೇಲಾಗಲಿ, ರೋಗಿಯ ಮೇಲಲ್ಲ

ಬೆಂಗಳೂರು: ರಾತ್ರಿ ಹನ್ನೊಂದರ ಸಮಯ. ಮೈಸೂರು ರಸ್ತೆಯಲ್ಲಿ ಬೈಕ್ ಅಪಘಾತ. ಸವಾರನನ್ನು 108 ಆಂಬುಲೆನ್ಸ್ ಕೆಂಗೇರಿ ಆಸುಪಾಸಿನ ಆಸ್ಪತ್ರೆಯೊಂದಕ್ಕೆ ತಂದು ಇಳಿಸುತ್ತದೆ. ಮೇಲ್ನೋಟಕ್ಕೆ ದೊಡ್ಡ ಗಾಯವಿಲ್ಲ. ಆದರೆ ಏದುಸಿರು, ಉಬ್ಬಿದ ಕತ್ತಿನ ರಕ್ತನಾಳಗಳು, ಕುಸಿಯುತ್ತಿರುವ ರಕ್ತದೊತ್ತಡ. ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿದೆ. ಎದೆಗೂಡಿನೊಳಗೆ ಸೇರುತ್ತಿರುವ ಗಾಳಿಗೆ ಹೊರಬರುವ ದಾರಿಯಿಲ್ಲ. ಪ್ರತಿ ಉಸಿರಿಗೂ ಒತ್ತಡ ಹೆಚ್ಚಿ, ಹೃದಯಕ್ಕೆ ರಕ್ತ ಮರಳುವುದೇ ಕಷ್ಟವಾಗುತ್ತಿದೆ.

ಇದು ಕಾಲ್ಪನಿಕ ಸನ್ನಿವೇಶ. ಆದರೆ ಯಾವುದೇ ತುರ್ತು ಚಿಕಿತ್ಸಾ ಘಟಕಕ್ಕೆ ಅಪರಿಚಿತವಲ್ಲ. ವೈದ್ಯ ಪರಿಭಾಷೆಯಲ್ಲಿ ಇದರ ಹೆಸರು 'ಟೆನ್ಷನ್ ನ್ಯೂಮೋಥೊರಾಕ್ಸ್'. ಎಕ್ಸ್‌ರೇ ತೆಗೆಸಲು, ಹಿರಿಯ ಸರ್ಜನ್ ಮನೆಯಿಂದ ಬರಲು ಸಮಯವಿಲ್ಲ. ಎದೆಗೆ ಸೂಜಿ ಚುಚ್ಚಿ ಗಾಳಿ ಹೊರಬಿಡಬೇಕು, ಬಳಿಕ ಕೊಳವೆ ಅಳವಡಿಸಬೇಕು. ರಾತ್ರಿ ಪಾಳಿಯಲ್ಲಿ ಆ ಕೆಲಸ ಕಿರಿಯ ವೈದ್ಯರ ಪಾಲಿಗೆ ಬರುವುದೇ ಹೆಚ್ಚು. ಪ್ರಶ್ನೆ ಇಷ್ಟೇ: ಆ ವೈದ್ಯ ಇದೇ ಕೆಲಸವನ್ನು ಮೊದಲ ಬಾರಿಗೆ ಎಲ್ಲಿ ಮಾಡಿದ್ದಾನೆ? ಇನ್ನೊಬ್ಬ ರೋಗಿಯ ಮೇಲೋ, ಬೊಂಬೆಯ ಮೇಲೋ ಅಥವಾ ಈ ಸವಾರನ ಮೇಲೆಯೇ ಮೊದಲೋ?

ಹಳೆಯ ಪದ್ಧತಿಯ ಮಿತಿ

'ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು' ಎಂಬುದು ಶಸ್ತ್ರಚಿಕಿತ್ಸಾ ಶಿಕ್ಷಣದ ಹಳೆಯ ಮಾತು. ಹರ್ನಿಯಾದಂತಹ ಮೊದಲೇ ದಿನ ಗೊತ್ತುಪಡಿಸಿ ಮಾಡುವ ಶಸ್ತ್ರಚಿಕಿತ್ಸೆಗಳಿಗೆ ಇದು ಒಂದು ಮಟ್ಟಿಗೆ ಹೊಂದುತ್ತದೆ. ಗುರು ಎದುರಿಗೇ ಇರುತ್ತಾರೆ, ತಪ್ಪಿದರೆ ಕೈ ಹಿಡಿಯುತ್ತಾರೆ.

ತುರ್ತು ಶಸ್ತ್ರಚಿಕಿತ್ಸೆಯ ಸ್ವಭಾವವೇ ಬೇರೆ. ಅದು ವೇಳಾಪಟ್ಟಿ ನೋಡಿ ಬರುವುದಿಲ್ಲ. ಗಂಟಲು ಮುಚ್ಚಿಹೋಗಿ, ಕತ್ತಿನ ಮುಂಭಾಗದಲ್ಲಿ ರಂಧ್ರ ಕೊರೆದು ಉಸಿರಿನ ದಾರಿ ಮಾಡಬೇಕಾದ ಪ್ರಸಂಗ ಒಬ್ಬ ವಿದ್ಯಾರ್ಥಿಯ ಇಡೀ ಎಂಬಿಬಿಎಸ್ ಅವಧಿಯಲ್ಲಿ ಒಮ್ಮೆಯೂ ಎದುರಾಗದಿರಬಹುದು. ಎದುರಾದರೂ ಜೀವ ಹೋಗುತ್ತಿರುವ ಆ ಕ್ಷಣದಲ್ಲಿ ವಿದ್ಯಾರ್ಥಿಯ ಕೈಗೆ ಚಾಕು ಕೊಟ್ಟು ಕಲಿಸಲು ಯಾವ ಸರ್ಜನ್ ತಾನೇ ಒಪ್ಪಿಯಾರು? ಹೀಗೆ, ಅತ್ಯಂತ ವೇಗವಾಗಿ ಮಾಡಬೇಕಾದ ಕೆಲಸವೇ ಅತ್ಯಂತ ಕಡಿಮೆ ಅಭ್ಯಾಸವಾದ ಕೆಲಸವಾಗಿ ಉಳಿಯುತ್ತದೆ. ಮಾನವಾಕೃತಿಯ ಬೊಂಬೆ, ಅಂದರೆ ಮ್ಯಾನಿಕಿನ್, ತುಂಬಬೇಕಾಗಿರುವುದು ಈ ಕಂದಕವನ್ನೇ.

ನಿಯಮ ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಮಂಡಳಿ ರೂಪಿಸಿದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ 2019ರಲ್ಲಿ ಎಂಬಿಬಿಎಸ್‌ಗೆ ಸೇರಿದವರಿಂದ ಜಾರಿಗೆ ಬಂದಿತು. ಶ್ವಾಸಮಾರ್ಗವನ್ನು ತೆರೆದಿಡುವುದು, ಎದೆಯಲ್ಲಿ ಗಾಳಿ ಅಥವಾ ರಕ್ತ ತುಂಬಿದ್ದನ್ನು ಗುರುತಿಸಿ ನಿಭಾಯಿಸುವುದು, ಇವನ್ನು ಕೃತಕ ಸನ್ನಿವೇಶದಲ್ಲಿ ಮಾಡಿ ತೋರಿಸಬೇಕೆಂದು ಅದರ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಹೇಳಲಾಗಿದೆ.

2020ರ ಸೆಪ್ಟೆಂಬರ್‌ನಲ್ಲಿ ಮಂಡಳಿಯ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಅದೇ ವರ್ಷದ ನಿಯಮಾವಳಿ ಕಾಲೇಜುಗಳಿಗೆ ಕೌಶಲ ಪ್ರಯೋಗಾಲಯ, ಅಂದರೆ 'ಸ್ಕಿಲ್ ಲ್ಯಾಬ್' ಕಡ್ಡಾಯ ಮಾಡಿತು. ವರ್ಷಕ್ಕೆ 150 ಸೀಟುಗಳವರೆಗಿನ ಕಾಲೇಜಿಗೆ ಕನಿಷ್ಠ 600 ಚದರ ಮೀಟರ್, 200 ಮತ್ತು 250 ಸೀಟುಗಳಿದ್ದರೆ 800 ಚದರ ಮೀಟರ್ ಎಂದು ಅಳತೆಯನ್ನೂ ಅದು ಗೊತ್ತುಪಡಿಸಿತು.

ನಗರದ ಪಶ್ಚಿಮ ಭಾಗಕ್ಕೆ ಇದು ದೂರದ ಮಾತಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೊಂದಿಕೊಂಡ ವೈದ್ಯಕೀಯ ಕಾಲೇಜು 2012ರಲ್ಲಿ ಎಂಬಿಬಿಎಸ್ ತರಗತಿ ಆರಂಭಿಸಿತು. ಕೈಗಾರಿಕಾ ಕಾರ್ಮಿಕರೇ ಅಲ್ಲಿನ ಮುಖ್ಯ ರೋಗಿಗಳು. ಕೆಂಗೇರಿಯಲ್ಲಿ ಬಿಜಿಎಸ್ ಗ್ಲೋಬಲ್ ಕಾಲೇಜು, ಅದರಾಚೆ ಮೈಸೂರು ರಸ್ತೆಯಲ್ಲಿ ರಾಜರಾಜೇಶ್ವರಿ ಕಾಲೇಜು ಇವೆ. ಕೆಂಗೇರಿ ಬಳಿಯಿಂದ ಹೊರಡುವ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ ಕಾರಣ ಅದೇ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊಗಳನ್ನು ನಿಷೇಧಿಸಲಾಯಿತು. ಯಂತ್ರಕ್ಕೆ ಸಿಕ್ಕ ಕೈ, ರಸ್ತೆಯಲ್ಲಿ ಜಜ್ಜಿದ ಎದೆ, ಎರಡಕ್ಕೂ ಚಿಕಿತ್ಸೆ ನೀಡಬೇಕಾದ ಕೈಗಳು ತಯಾರಾಗುವುದು ಇಂತಹ ಕಾಲೇಜುಗಳಲ್ಲಿಯೇ.

ಬೊಂಬೆಯೊಳಗೇನಿದೆ?

ತರಬೇತಿ ಬೊಂಬೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಒಂದೇ ಕೆಲಸ ಕಲಿಸುವ ಅಂಗ ಮಾದರಿ: ಬರೀ ತೋಳು, ಬರೀ ಕತ್ತು, ಬರೀ ಎದೆ.

ಎದೆಯ ಮಾದರಿಯನ್ನೇ ನೋಡೋಣ. ಬದಲಾಯಿಸಬಹುದಾದ ಕೃತಕ ಚರ್ಮ, ಅದರ ಕೆಳಗೆ ಮಾಂಸದಂತಹ ಪದರ, ಗಟ್ಟಿ ಪಕ್ಕೆಲುಬು, ಒಳಗೆ ತೆಳು ಪೊರೆ. ವಿದ್ಯಾರ್ಥಿ ಬೆರಳಿನಿಂದ ಪಕ್ಕೆಲುಬು ಎಣಿಸಿ ಜಾಗ ಗುರುತಿಸಬೇಕು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ ಮತ್ತು ನರ ಸಾಗುತ್ತವೆ. ಆದ್ದರಿಂದ ಉಪಕರಣ ಮೇಲಿನ ಎಲುಬಿನ ಅಡಿಯಲ್ಲಿ ಹೋಗಬಾರದು, ಕೆಳಗಿನ ಎಲುಬಿನ ಮೇಲಂಚನ್ನು ಸವರಿಕೊಂಡು ಒಳಗೆ ಹೋಗಬೇಕು. ಪೊರೆ ಬಿಟ್ಟುಕೊಟ್ಟದ್ದು ಕೈಗೆ ತಿಳಿಯುತ್ತದೆ. ಜಾಗ ತೀರಾ ಕೆಳಗಾದರೆ ನಿಜವಾದ ದೇಹದಲ್ಲಿ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟು ಬೀಳುತ್ತದೆ. ಬೊಂಬೆಯಲ್ಲಾದರೆ ಗುರುವಿನಿಂದ ಒಂದು ಗದರಿಕೆ, ಮತ್ತೊಂದು ಪ್ರಯತ್ನ ಅಷ್ಟೇ.

ಇಂತಹ ಅಭ್ಯಾಸ ಹಳೆಯ ಪಾಠವನ್ನು ತಿದ್ದಲೂ ಬೇಕು. ಸೂಜಿ ಚುಚ್ಚುವ ಜಾಗವೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುದು ಕೊರಳೆಲುಬಿನ ಕೆಳಗಿನ ಎರಡನೇ ಪಕ್ಕೆಲುಬಿನ ಸಂದನ್ನು. ಅಲ್ಲಿ ಎದೆಯ ಗೋಡೆ ದಪ್ಪವಿರುವ ಹಲವರಲ್ಲಿ ಸೂಜಿ ಒಳಗೆ ತಲುಪುವುದೇ ಇಲ್ಲ. ಹೀಗಾಗಿ ಅಪಘಾತ ಚಿಕಿತ್ಸೆಯ ಅಂತರರಾಷ್ಟ್ರೀಯ ತರಬೇತಿಯಾದ ಎಟಿಎಲ್‌ಎಸ್‌ನ 2018ರ ಆವೃತ್ತಿ, ವಯಸ್ಕರಿಗೆ ಕಂಕುಳ ಕೆಳಗಿನ ನಾಲ್ಕನೇ ಅಥವಾ ಐದನೇ ಸಂದನ್ನು ಸೂಚಿಸಿತು. ಓದಿದ್ದು ಬದಲಾದರೆ ಸಾಲದು, ಕೈಯ ರೂಢಿಯೂ ಬದಲಾಗಬೇಕು.

ಎರಡನೆಯ ಬಗೆ ಇಡೀ ದೇಹದ, ಕಂಪ್ಯೂಟರ್ ನಿಯಂತ್ರಿತ ಬೊಂಬೆ. ಇದರ ಎದೆ ಏರಿಳಿಯುತ್ತದೆ, ನಾಡಿ ಮಿಡಿಯುತ್ತದೆ, ಹೃದಯ ಮತ್ತು ಶ್ವಾಸಕೋಶದ ಸದ್ದು ಸ್ಟೆತಾಸ್ಕೋಪ್‌ನಲ್ಲಿ ಕೇಳುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತ ಬೋಧಕರು ರಕ್ತದೊತ್ತಡ ಇಳಿಸುತ್ತಾರೆ, ಬೊಂಬೆಯ ಬಾಯಿಂದ ನರಳುತ್ತಾರೆ. ಬೆಲೆ ಹತ್ತಾರು ಲಕ್ಷ ರೂಪಾಯಿ.

ಆರು ಮಂದಿ, ಒಂದು ಹಾಸಿಗೆ

ಇಂತಹ ತರಗತಿ ಉಪನ್ಯಾಸದಂತಲ್ಲ. ಐದಾರು ವಿದ್ಯಾರ್ಥಿಗಳ ತಂಡ, ಒಬ್ಬರು ನಾಯಕರು. 'ರೋಗಿ' ಬಂದೊಡನೆ ಮೊದಲು ಕತ್ತು ಅಲುಗದಂತೆ ಶ್ವಾಸಮಾರ್ಗ, ನಂತರ ಉಸಿರಾಟ, ನಂತರ ರಕ್ತಸ್ರಾವ ಮತ್ತು ರಕ್ತ ಪರಿಚಲನೆ, ನಂತರ ಪ್ರಜ್ಞೆ, ಕೊನೆಗೆ ಬಟ್ಟೆ ಸರಿಸಿ ಇಡೀ ದೇಹದ ಪರೀಕ್ಷೆ. ಈ ಕ್ರಮ ತಪ್ಪಬಾರದು. ಮುರಿದ ಕಾಲು ಕಣ್ಣಿಗೆ ರಾಚುತ್ತಿದ್ದರೂ ಮೊದಲು ನೋಡಬೇಕಾದುದು ಉಸಿರನ್ನು.

ಕೈಚಳಕದಷ್ಟೇ ಮುಖ್ಯವಾದುದು ಮಾತು. 'ಯಾರಾದರೂ ರಕ್ತ ತರಿಸಿ' ಎಂದರೆ ಯಾರೂ ತರಿಸುವುದಿಲ್ಲ. ಹೆಸರು ಹಿಡಿದು ಹೇಳಬೇಕು, ಕೇಳಿಸಿಕೊಂಡವರು ಅದನ್ನೇ ಮರುನುಡಿದು ಖಚಿತಪಡಿಸಬೇಕು. ಕೊನೆಗೆ ಎಲ್ಲರೂ ಕುಳಿತು ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ಪರಾಮರ್ಶಿಸುತ್ತಾರೆ. ನಿಜವಾದ ಕಲಿಕೆ ನಡೆಯುವುದು ಈ ಚರ್ಚೆಯಲ್ಲಿ ಎಂಬುದು ಈ ಕ್ಷೇತ್ರದ ಬಲ್ಲವರ ಅಭಿಪ್ರಾಯ.

ಆಟಿಕೆಯಿಂದ ಆರಂಭ

ಈ ಬೊಂಬೆಗಳ ಕಥೆ ಶುರುವಾದದ್ದು ಆಟಿಕೆ ಕಾರ್ಖಾನೆಯಲ್ಲಿ. ಕೃತಕ ಉಸಿರಾಟ ಕಲಿಸಲೆಂದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ 'ರೆಸಸ್ಸಿ ಆ್ಯನ್' ಬೊಂಬೆಯನ್ನು ತಂದರು. ಅದೇ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞರ ತರಬೇತಿಗೆ 'ಸಿಮ್ ಒನ್' ಎಂಬ ಕಂಪ್ಯೂಟರ್ ನಿಯಂತ್ರಿತ ಬೊಂಬೆ ಸಿದ್ಧವಾಯಿತು.

ತುರ್ತು ಶಸ್ತ್ರಚಿಕಿತ್ಸಾ ತರಬೇತಿಗೆ ರೂಪ ಬಂದದ್ದು ಒಂದು ದುರಂತದಿಂದ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ತಜ್ಞ ಡಾ. ಜೇಮ್ಸ್ ಸ್ಟೈನರ್ ನಡೆಸುತ್ತಿದ್ದ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಅಪ್ಪಳಿಸಿತು. ಪತ್ನಿ ಮೃತಪಟ್ಟರು, ಮಕ್ಕಳು ಗಾಯಗೊಂಡರು. ಸ್ಥಳೀಯ ಆಸ್ಪತ್ರೆಯಲ್ಲಿ ದೊರೆತ ಚಿಕಿತ್ಸೆಯ ಗೊಂದಲ ಕಂಡು ಅವರು ಸಹೋದ್ಯೋಗಿಗಳೊಡನೆ ರೂಪಿಸಿದ ತರಬೇತಿಯೇ 1978ರಲ್ಲಿ ಆರಂಭವಾದ ಎಟಿಎಲ್‌ಎಸ್. ಬಹುಕಾಲ ಅದರಲ್ಲಿ ಅರಿವಳಿಕೆ ನೀಡಿದ ಪ್ರಾಣಿಗಳನ್ನು ಬಳಸಲಾಗುತ್ತಿತ್ತು. 2001ರಲ್ಲಿ 'ಟ್ರಾಮಾಮ್ಯಾನ್' ಎಂಬ ಮುಂಡದ ಮಾದರಿಗೆ ಒಪ್ಪಿಗೆ ದೊರೆತ ಬಳಿಕ ಪ್ರಾಣಿಗಳ ಬಳಕೆ ಕ್ರಮೇಣ ಹಿಂದೆ ಸರಿಯಿತು.

ಪ್ರಯೋಜನ ನಿಜವೇ?

ಉತ್ತರ ಬಹುಮಟ್ಟಿಗೆ ಹೌದು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 16 ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಲಾಯಿತು. ಕಂಪ್ಯೂಟರ್ ಅಣಕು ಯಂತ್ರದಲ್ಲಿ ಪಳಗಿದವರು ಪಿತ್ತಕೋಶದ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆಯಲ್ಲಿ ಶೇ 29ರಷ್ಟು ವೇಗ ತೋರಿದರು. ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಅಕ್ಕಪಕ್ಕದ ಭಾಗ ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ಷಿಕಾಗೊದ ಆಸ್ಪತ್ರೆಯೊಂದರ ಐಸಿಯುನಲ್ಲಿ, ವೈದ್ಯರು ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವುದನ್ನು ಬೊಂಬೆಯ ಮೇಲೆ ಕಲಿತ ಬಳಿಕ ರಕ್ತದ ಸೋಂಕು ಸಾವಿರ ಕೊಳವೆ-ದಿನಗಳಿಗೆ 3.2ರಿಂದ 0.5ಕ್ಕೆ ಇಳಿಯಿತೆಂದು 2009ರ ವರದಿ ತಿಳಿಸಿತು.

ಆದರೆ ಬೊಂಬೆಗೂ ಮಿತಿಯಿದೆ. ಅದರ ರಕ್ತ ಬಿಸಿಯಿಲ್ಲ, ಹೆಪ್ಪುಗಟ್ಟುವುದಿಲ್ಲ. ದಪ್ಪ, ತೆಳ್ಳಗೆ, ವೃದ್ಧ, ಗರ್ಭಿಣಿ ಎಂಬ ದೇಹವೈವಿಧ್ಯ ಅದರಲ್ಲಿ ಕಡಿಮೆ. ಬಾಗಿಲ ಹೊರಗೆ ಅಳುತ್ತಿರುವ ತಾಯಿಯಿಲ್ಲ. ದೇಹದ ಒಳರಚನೆ ತಿಳಿಯಲು ದಾನವಾಗಿ ಬಂದ ಶವವೇ ಇಂದಿಗೂ ಗುರು. ರೋಗಿಯನ್ನು ಮಾತನಾಡಿಸಲು ಕಲಿಯುವುದು ವಾರ್ಡಿನಲ್ಲಿಯೇ.

ಅದಕ್ಕಿಂತ ದೊಡ್ಡ ಮಿತಿ ಬೊಂಬೆಯದಲ್ಲ, ವ್ಯವಸ್ಥೆಯದು. ತರಗತಿಯಲ್ಲಿ 150 ಮಂದಿಯಿದ್ದರೆ ಆರಾರು ಮಂದಿಯ 25 ತಂಡಗಳಾಗುತ್ತವೆ. ಪ್ರತಿ ತಂಡಕ್ಕೆ ಒಂದು ಗಂಟೆಯೆಂದರೂ ಒಂದೇ ಕೌಶಲಕ್ಕೆ ಬೋಧಕರ 25 ಗಂಟೆ ಬೇಕು. ಒಮ್ಮೆ ಕಲಿತದ್ದು ತಿಂಗಳುಗಳಲ್ಲಿ ಮಾಸುವುದರಿಂದ ಅದನ್ನು ಮತ್ತೆ ಮಾಡಿಸಬೇಕು. ಚುಚ್ಚಿ ಹರಿದ ಚರ್ಮದ ಪದರಗಳನ್ನು ಬದಲಾಯಿಸಲು ಪ್ರತಿ ವರ್ಷ ಹಣ ಬೇಕು. ಚದರ ಮೀಟರ್‌ಗಳನ್ನು ಪರಿವೀಕ್ಷಕರು ಅಳೆಯಬಲ್ಲರು. ಬೋಧಕರು ಕೊಟ್ಟ ಗಂಟೆಗಳನ್ನು ಅಳೆಯುವುದು ಅಷ್ಟು ಸುಲಭವಲ್ಲ.

ಹಾಗಾಗಿ ಮಕ್ಕಳನ್ನು ವೈದ್ಯಕೀಯಕ್ಕೆ ಸೇರಿಸುವ ಪೋಷಕರು ಕಟ್ಟಡ, ಹಾಸ್ಟೆಲ್, ಶುಲ್ಕಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳುವುದು ಒಳಿತು. ಸ್ಕಿಲ್ ಲ್ಯಾಬ್ ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ? ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಾರೆ ಎಷ್ಟು ಬಾರಿ ಅಭ್ಯಾಸ ಮಾಡುತ್ತಾನೆ? ಬೀರುವಿನಲ್ಲಿ ಹೊಳೆಯುತ್ತಿರುವ ಹೊಸ ಬೊಂಬೆಗಿಂತ ಚರ್ಮವೆಲ್ಲ ತೂತಾದ ಹಳೆಯ ಬೊಂಬೆ ಆ ಕಾಲೇಜಿನ ಬಗ್ಗೆ ಒಳ್ಳೆಯ ಸಾಕ್ಷಿ ನುಡಿಯುತ್ತದೆ. ಮೈಸೂರು ರಸ್ತೆಯ ಆ ಸವಾರನ ಉಸಿರು ನಿಂತಿರುವುದು ಆ ತೂತುಗಳ ಲೆಕ್ಕದ ಮೇಲೆ.