ಕೃಪೆ ಮೊದಲೋ, ವಿಧೇಯತೆ ಮೊದಲೋ?

ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿ ಇರುವ ಹಡ್ಸನ್ ಸ್ಮಾರಕ ಚರ್ಚು 1904ರ ಕಟ್ಟಡ. ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಷನರಿ ಹಡ್ಸನ್ ಅವರ ನೆನಪಿಗೆ ಕಟ್ಟಿದ್ದು. ಆರಾಧನೆ ಕನ್ನಡದಲ್ಲಿ. ಈ ಸಂಪ್ರದಾಯದ ಚರ್ಚುಗಳಲ್ಲಿ ಕೈಗೂಸಿಗೂ ದೀಕ್ಷಾಸ್ನಾನ ಮಾಡಿಸುವುದುಂಟು. ನೀರು ತಲೆಗೆ ಬಿದ್ದಾಗ ಮಗು ಅಳುತ್ತದೆ, ಅಷ್ಟೆ. ಅದರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಅದೇ ಮಗು ಹದಿಹರೆಯಕ್ಕೆ ಬಂದಾಗ ಪಾಠ ಕಲಿತು, ಬಿಷಪ್ಪರ ಮುಂದೆ ನಿಂತು, ಈ ನಂಬಿಕೆ ತನ್ನದೆಂದು ತಾನೇ ಹೇಳಬೇಕು. ಇದಕ್ಕೆ ದೃಢೀಕರಣವೆಂದು ಹೆಸರು. ಬ್ಯಾಪ್ಟಿಸ್ಟರು ಮಾತ್ರ ಇದನ್ನು ಒಪ್ಪುವುದಿಲ್ಲ. ತಿಳಿದು ಆರಿಸಿಕೊಂಡವರಿಗಷ್ಟೇ ಸ್ನಾನ ಎಂಬುದು ಅವರ ಪಟ್ಟು.

ಆಚರಣೆಯ ಈ ಭಿನ್ನತೆಯ ಹಿಂದೆ ಬಹಳ ಹಳೆಯ ಪ್ರಶ್ನೆಯೊಂದಿದೆ. ದೇವರ ಆಜ್ಞೆಗೆ ವಿಧೇಯನಾದವನಿಗೆ ಕೃಪೆ ದೊರೆಯುತ್ತದೆಯೋ, ಕೃಪೆ ದೊರೆತವನು ವಿಧೇಯನಾಗುತ್ತಾನೋ?

ಮಲ್ಲೇಶ್ವರದ ಅಯ್ಯಂಗಾರ್ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆಯವರದು ಮರ್ಕಟ ನ್ಯಾಯ, ತೆಂಗಲೆಯವರದು ಮಾರ್ಜಾಲ ನ್ಯಾಯ. ಜರ್ಮನಿಯ ವಿದ್ವಾಂಸ ರುಡಾಲ್ಫ್ ಒಟ್ಟೊ ಈ ಹೋಲಿಕೆಗೆ ಬೆರಗಾಗಿ, ಭಾರತದ ಭಕ್ತಿಯನ್ನೂ ಕ್ರೈಸ್ತ ಕೃಪೆಯನ್ನೂ ತೂಗಿ ನೋಡಿ ಒಂದು ಪುಸ್ತಕವನ್ನೇ ಬರೆದರು.

ಕ್ರೈಸ್ತರಲ್ಲಿ ಕೋತಿಯ ಪಕ್ಷ ಹಿಡಿದವನು ಪೆಲಾಜಿಯಸ್ ಎನ್ನಬಹುದು. ಆಜ್ಞೆ ಕೊಟ್ಟ ದೇವರು ಅದನ್ನು ಪಾಲಿಸುವ ಶಕ್ತಿಯನ್ನೂ ಮನುಷ್ಯನಿಗೆ ಕೊಟ್ಟೇ ಇದ್ದಾನೆ, ಆರಿಸಿಕೊಳ್ಳುವುದಷ್ಟೇ ಬಾಕಿ ಎಂದ ಆತ. ಮನುಷ್ಯನ ಇಚ್ಛೆಯೇ ರೋಗಪೀಡಿತ, ಅದು ಎದ್ದು ನಿಲ್ಲುವುದಕ್ಕೂ ಕೃಪೆಯೇ ಬೇಕು ಎಂದು ಅಗಸ್ಟೀನ್ ವಾದಿಸಿದ. 418ರಲ್ಲಿ ಕಾರ್ತೇಜಿನ ಸಭೆ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿತು. ಆದರೂ ಜಗಳ ನಿಲ್ಲಲಿಲ್ಲ. 1524ರಲ್ಲಿ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯದ ಪರವಾಗಿ ಬರೆದರೆ, ಮರುವರ್ಷವೇ ಲೂಥರ್ ಉತ್ತರ ಕೊಟ್ಟ: ಇಚ್ಛೆ ಬಂಧಿ, ಬಿಡಿಸುವವನು ದೇವರೊಬ್ಬನೇ. ಯಾರಿಗೆ ರಕ್ಷಣೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆಂದು ಕಾಲ್ವಿನ್ ಹೇಳಿದ. ಇದನ್ನು ಒಪ್ಪದ ಜಾನ್ ವೆಸ್ಲಿ (1703–1791) ನಡುದಾರಿ ಹಿಡಿದ. ಕೃಪೆ ಎಲ್ಲರ ಬಳಿಗೂ ಮೊದಲೇ ಬಂದು ಬಾಗಿಲು ತಟ್ಟುತ್ತದೆ, ತೆರೆಯುವ ಬಲವನ್ನೂ ಅದೇ ಕೊಡುತ್ತದೆ. ಆದರೆ ತೆರೆಯಲೊಲ್ಲೆ ಎನ್ನುವ ಹಕ್ಕು ಮನುಷ್ಯನಿಗಿದೆ. ಹಡ್ಸನ್ ಅವರ ವೆಸ್ಲಿಯನ್ ಮಿಷನ್ ಕನ್ನಡನಾಡಿಗೆ ತಂದದ್ದು ಈ ಬೋಧನೆಯನ್ನು.

ಹಾಗಾದರೆ ವಿಧೇಯತೆ ಯಾತಕ್ಕೆ? ಬೈಬಲಿನ ಕಥೆಯ ಅನುಕ್ರಮವೇ ಇದಕ್ಕೊಂದು ಉತ್ತರ. ಇಸ್ರಾಯೇಲರು ಮೊದಲು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದರು. ಹತ್ತು ಆಜ್ಞೆಗಳು ಬಂದದ್ದು ಆಮೇಲೆ, ಸೀನಾಯಿ ಬೆಟ್ಟದಲ್ಲಿ. ಆಜ್ಞೆ ಬಿಡುಗಡೆಗೆ ತೆತ್ತ ಬೆಲೆಯಲ್ಲ, ಬಿಡುಗಡೆಯಾದವರು ಬಾಳಬೇಕಾದ ರೀತಿ.

ಪಂಡಿತರ ವಾದ ಪುಸ್ತಕದಲ್ಲಿದ್ದಾಗ ಯಾರಿಗೂ ನೋವಿಲ್ಲ. ಮನೆಗೆ ಬಂದರೆ ಏನಾಗುತ್ತದೆಂಬುದನ್ನು ಮಂಗಳೂರು 1844ರಲ್ಲಿ ಕಂಡಿತು. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ, ಇನ್ನೂ ಇಪ್ಪತ್ತು ತುಂಬದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ತಂದೆಯ ಮಾತಿಗೆ ವಿಧೇಯನಾಗುವುದನ್ನೇ ಧರ್ಮವೆಂದು ಕಲಿತ ಹುಡುಗ ಇನ್ನೊಂದು ವಿಧೇಯತೆಗಾಗಿ ಅದನ್ನು ಮುರಿದಿದ್ದ. ಜಾತಿ ಕೈಬಿಟ್ಟಿತು. ಗುರು ಮೋಗ್ಲಿಂಗ್ ಅವನನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕರೆದೊಯ್ದರು, 1851ರಲ್ಲಿ ಪಾದ್ರಿಯಾದ. ಹುಡುಗನನ್ನು ಮಿಷನರಿಗಳು ಒಲಿಸಿಕೊಂಡರೆನ್ನುವುದು ಇಂಥ ಸಂದರ್ಭದಲ್ಲಿ ಊರಿನವರು ಸಹಜವಾಗಿ ಹೇಳುವ ಮಾತು. ದೇವರು ಕರೆದನೆಂಬುದು ಮಿಷನ್ನಿನ ನಂಬಿಕೆ. ಸ್ವಾರಸ್ಯವೆಂದರೆ, ಆಯ್ಕೆಯ ಪೂರ್ಣ ಯಶಸ್ಸನ್ನು ಆ ತರುಣನಿಗೇ ಕೊಡಲು ಎರಡು ಪಕ್ಷದವರೂ ಸಿದ್ಧರಿಲ್ಲ. ಆದರೆ ಬೆಲೆ ತೆತ್ತವನು ಅವನೇ.

ಕನ್ನಡದ ಪ್ರೊಟೆಸ್ಟೆಂಟರು ‘ಕೃಪೆ’ ಎನ್ನುವುದನ್ನು ಕಥೋಲಿಕರು ಪ್ರಾರ್ಥನೆಯಲ್ಲಿ ‘ವರಪ್ರಸಾದ’ ಎನ್ನುತ್ತಾರೆ. ಪದ ಬೇರೆಯಾದರೂ ಅಂತರ ಈಗ ಕಿರಿದಾಗಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ಮನುಷ್ಯನನ್ನು ದೇವರು ಅಂಗೀಕರಿಸುವುದು ಕೃಪೆಯಿಂದಲೇ, ಸತ್ಕಾರ್ಯ ಅದರ ಫಲ. 2006ರಲ್ಲಿ ವೆಸ್ಲಿಯ ಅನುಯಾಯಿಗಳಾದ ಮೆಥಡಿಸ್ಟರೂ ಅದನ್ನು ಒಪ್ಪಿದರು. ಕೈಗೂಸಿನ ಸ್ನಾನದ ಬಗ್ಗೆ ಬ್ಯಾಪ್ಟಿಸ್ಟರ ತಕರಾರು ಮಾತ್ರ ಹಾಗೆಯೇ ಉಳಿದಿದೆ.