ರೊಟ್ಟಿಯಲ್ಲಿ ಕಡಿಮೆ ಇರುವುದು ಬಿಸಿಎಎ ಡಬ್ಬಿಯಲ್ಲಿ ಇಲ್ಲವೇ ಇಲ್ಲ

ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಅಮೈನೋ ಆಸಿಡ್ ಕುಡಿಯದಿದ್ದರೆ ಮಾಡಿದ ಕಸರತ್ತೆಲ್ಲ ವ್ಯರ್ಥ, ಇದ್ದ ಸ್ನಾಯುವೂ ಕರಗುತ್ತದೆ. ಈ ಅರ್ಥದ ಮೆಸೇಜು ನಿಮ್ಮ ಜಿಮ್ ಗ್ರೂಪಿಗೂ ಬಂದಿರಬಹುದು. ಜೊತೆಗೆ ‘ಬಿಸಿಎಎ’ ಎಂದು ಬರೆದ ಬಣ್ಣದ ಡಬ್ಬಿಯ ಫೋಟೋ, ಕೆಳಗೆ ಆರ್ಡರ್ ಮಾಡುವ ಲಿಂಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇಂಥ ಮೆಸೇಜು ಓದುವವರು ಬರೀ ಜಿಮ್‌ಗೆ ಹೋಗುವವರಲ್ಲ. ಪೊಲೀಸ್, ಸೇನೆ ಭರ್ತಿಗೆ ಬೆಳಗಿನ ಜಾವ ಓಡುವವರಿದ್ದಾರೆ, ಕುಸ್ತಿ ಆಡುವವರಿದ್ದಾರೆ. ಅವರಲ್ಲಿ ಅನೇಕರಿಗೆ ಡಬ್ಬಿಯ ದುಡ್ಡು ಬರುವುದು ಮನೆಯವರ ಕೂಲಿಯಿಂದ ಅಥವಾ ಹೊಲದಿಂದ. ಆ ದುಡ್ಡು ಡಬ್ಬಿಗೆ ಹೋದರೆ ಹಾಲು, ಮೊಟ್ಟೆಗೆ ಉಳಿಯುವುದಿಲ್ಲ. ಹಾಗಾಗಿ ಆ ಮಾತು ಎಷ್ಟು ನಿಜ ಎಂದು ನೋಡೋಣ.

ಬಿಸಿಎಎ ಎಂದರೇನು?

ನಾವು ತಿನ್ನುವ ಪ್ರೊಟೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಒಟ್ಟು 20 ಬಗೆ. ಅದರಲ್ಲಿ 9 ಬಗೆಯನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಮೂರನ್ನು, ಅಂದರೆ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್, ಒಟ್ಟಿಗೆ ಬಿಸಿಎಎ ಎನ್ನುತ್ತಾರೆ. ಒಂಬತ್ತೂ ಇರುವ ಪುಡಿಗೆ ಇಎಎ ಎಂದು ಹೆಸರು.

ಲ್ಯೂಸಿನ್‌ಗೆ ಒಂದು ವಿಶೇಷ ಇರುವುದು ಸುಳ್ಳಲ್ಲ. ಸ್ನಾಯು ಕಟ್ಟುವ ಕೆಲಸ ಶುರು ಮಾಡಿ ಎಂಬ ಸೂಚನೆ ಕೊಡುವುದರಲ್ಲಿ ಅದರ ಪಾತ್ರ ದೊಡ್ಡದು. ಆದರೆ ಮೇಸ್ತ್ರಿ ಬಂದು ‘ಶುರು ಮಾಡ್ರೋ’ ಎಂದು ಕೂಗಿದರಷ್ಟೇ ಗೋಡೆ ಏಳುವುದಿಲ್ಲ, ಇಟ್ಟಿಗೆಯೂ ಬೇಕಲ್ಲ. ಸ್ನಾಯು ಕಟ್ಟಲು ಒಂಬತ್ತೂ ಬೇಕು. ಖಾಲಿ ಹೊಟ್ಟೆಯಲ್ಲಿ ಮೂರೇ ಮೂರನ್ನು ಕುಡಿದರೆ ಉಳಿದ ಆರನ್ನು ದೇಹ ಎಲ್ಲಿಂದ ತರಬೇಕು? ಮುಖ್ಯವಾಗಿ ಇದ್ದ ಸ್ನಾಯುವನ್ನೇ ಒಡೆದು! ಸ್ನಾಯು ಉಳಿಸಲು ಎಂದು ಕೊಂಡ ಪುಡಿಯ ಕಥೆ ಇದು.

ಅಮೆರಿಕದ ಸಂಶೋಧಕ ರಾಬರ್ಟ್ ವೂಲ್ಫ್ 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಬರೀ ಬಿಸಿಎಎ ಸ್ನಾಯು ಬೆಳೆಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂದು ಬರೆದರು. ಅದೇ ವರ್ಷ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ತುಸು ಬೇರೆ. ತೂಕ ಎತ್ತಿದ ಯುವಕರಿಗೆ 5.6 ಗ್ರಾಂ ಬಿಸಿಎಎ ಕೊಟ್ಟಾಗ ಸ್ನಾಯುವಿನ ಪ್ರೊಟೀನು ತಯಾರಾಗುವ ವೇಗ 22% ಏರಿತ್ತು. ಜಾಹೀರಾತುಗಳಿಗೆ ಇಷ್ಟ ಆಗುವ ಅಂಕಿ ಇದು. ಆದರೆ ಅಷ್ಟೇ ಬಿಸಿಎಎ ಇರುವ ವೇ ಪ್ರೊಟೀನು ಕೊಟ್ಟಾಗ ಕಾಣುವ ಏರಿಕೆಯ ಸುಮಾರು ಅರ್ಧ ಮಾತ್ರ ಅದು ಎಂದು ಆ ಸಂಶೋಧಕರೇ ಬರೆದಿದ್ದಾರೆ.

ಮೈಕೈ ನೋವಿನ ವಿಷಯದಲ್ಲಿ ಬಿಸಿಎಎಗೆ ಕೊಂಚ ಅಂಕ ಕೊಡಬೇಕು. ಕಸರತ್ತಿನ ಮರುದಿನದ ನೋವು ಸ್ವಲ್ಪ ಕಡಿಮೆಯಾಗಿದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಈ ನೋವು ಏನೂ ತೆಗೆದುಕೊಳ್ಳದಿದ್ದರೂ ಕೆಲವೇ ದಿನಗಳಲ್ಲಿ ತಾನಾಗಿ ಹೋಗುವಂಥದ್ದು. ಅಂದಹಾಗೆ, ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂಬ ಮೆಸೇಜೂ ಓಡಾಡುತ್ತದೆ. ಲ್ಯಾಕ್ಟೇಟು ಒಂದೆರಡು ಗಂಟೆಯಲ್ಲಿ ರಕ್ತದಿಂದ ಹೊರಟುಹೋಗುತ್ತದೆ, ಮರುದಿನದ ನೋವಿಗೆ ಅದನ್ನು ದೂರಬೇಕಿಲ್ಲ.

ಈಗ ರೊಟ್ಟಿಗೆ ಬರೋಣ

ನಮ್ಮ ಕಡೆಯ ಓದುಗರಿಗೆ ಹೇಳಲೇಬೇಕಾದ ವಿಷಯ ಇದು. ಜೋಳದ ಪ್ರೊಟೀನಿನಲ್ಲಿ ಲ್ಯೂಸಿನ್ ಧಾರಾಳವಾಗಿದೆ. 100 ಗ್ರಾಂ ಜೋಳದಲ್ಲಿ ಪ್ರೊಟೀನು ಸುಮಾರು 10 ಗ್ರಾಂ, ಅದರಲ್ಲಿ ಲ್ಯೂಸಿನ್ ಒಂದೇ ಸುಮಾರು 1.2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರ ಊಟದ ಪ್ರೊಟೀನಿನಲ್ಲಿ ಎಷ್ಟು ಲ್ಯೂಸಿನ್ ಇರಬೇಕೋ ಅದರ ದುಪ್ಪಟ್ಟು. ಜೋಳದಲ್ಲಿ ಕೊರತೆ ಇರುವುದು ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದ್ದು. ಅದು ಬೇಕಾದದ್ದರ ಅರ್ಧದಷ್ಟೇ ಇದೆ. ಮೂರೇ ಅಮೈನೋ ಆಮ್ಲಗಳ ಬಿಸಿಎಎ ಪುಡಿಯಲ್ಲಿ ಲೈಸಿನ್ ಎಷ್ಟು? ಸೊನ್ನೆ. ರೊಟ್ಟಿ ತಿನ್ನುವವರು ಬಿಸಿಎಎ ಕೊಂಡರೆ ಇದ್ದದ್ದನ್ನೇ ಮತ್ತೆ ದುಡ್ಡು ಕೊಟ್ಟು ತಂದಂತೆ.

ಲೈಸಿನ್ ಎಲ್ಲಿದೆ ಎಂದರೆ ರೊಟ್ಟಿಯ ಪಕ್ಕದಲ್ಲೇ ಇದೆ. ಹೆಸರುಕಾಳು, ಮಡಿಕೆಕಾಳು, ಹುರುಳಿ, ಅಲಸಂದಿ, ತೊಗರಿಬೇಳೆ, ಯಾವುದಾದರೂ ಆದೀತು. ಹಾಲು, ಮೊಸರು, ಮೊಟ್ಟೆಯಲ್ಲೂ ಇದೆ. ಶೇಂಗಾ ಚಟ್ನಿಪುಡಿ ಒಂದನ್ನೇ ಹಚ್ಚಿಕೊಂಡು ತಿಂದರೆ ಈ ಕೊರತೆ ತುಂಬುವುದಿಲ್ಲ, ಯಾಕೆಂದರೆ ಶೇಂಗಾದಲ್ಲಿ ಪ್ರೊಟೀನು ಬಹಳ ಇದ್ದರೂ ಲೈಸಿನ್ ಕಡಿಮೆ. ಕಾಳಿನ ಪಲ್ಯ ಅಥವಾ ಮೊಸರು ಜೊತೆಗಿರಲಿ.

ಲ್ಯೂಸಿನ್‌ಗೂ ಜೋಳಕ್ಕೂ ಒಂದು ಹಳೆಯ ನಂಟಿದೆ. ದಖನ್ನಿನಲ್ಲಿ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣುತ್ತಿತ್ತು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು ಅದರ ಲಕ್ಷಣ. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಜೋಳದಲ್ಲಿ ಲ್ಯೂಸಿನ್ ವಿಪರೀತ ಇರುವುದೇ ಇದಕ್ಕೆ ಕಾರಣ ಇರಬಹುದು ಎಂಬ ವಾದ ಮಂಡಿಸಿದರು. ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೂ ಅಮೈನೋ ಆಮ್ಲಗಳಲ್ಲಿ ಒಂದನ್ನೇ ಹೆಚ್ಚಿಸಿದರೆ ಒಳ್ಳೆಯದೇ ಆಗುತ್ತದೆ ಎಂದು ಹೇಳಲಾಗದು ಎಂಬ ಎಚ್ಚರ ಆಗಲೇ ಇತ್ತು. (ದಯವಿಟ್ಟು ಇದನ್ನು ‘ರೊಟ್ಟಿ ತಿಂದರೆ ಚರ್ಮರೋಗ’ ಎಂದು ಫಾರ್ವರ್ಡ್ ಮಾಡಬೇಡಿ. ಅದು ಬೇರೇನೂ ಸಿಗದೆ ಜೋಳವನ್ನಷ್ಟೇ ತಿಂದವರ ಕಷ್ಟ. ಕಾಳು, ಸೊಪ್ಪು, ಮೊಸರಿನ ಜೊತೆ ತಿನ್ನುವವರಿಗೆ ಆ ಭಯ ಬೇಡ.)

ಹಾಗಾದರೆ ದಿನಕ್ಕೆ ಎಷ್ಟು ಪ್ರೊಟೀನು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಸಾಮಾನ್ಯ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಆಯಿತು. ತೂಕ ಎತ್ತುವವರಿಗೆ ಇನ್ನಷ್ಟು ಬೇಕು. 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ 60 ಕಿಲೋದವರಿಗೆ 70ರಿಂದ 95 ಗ್ರಾಂ ಒಳಗೆ ಸಾಕು.

ಮನೆಯ ಊಟದಲ್ಲಿ ಇದು ಆಗುತ್ತದೆಯೇ? 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 15 ಗ್ರಾಂ, 75 ಗ್ರಾಂ ಒಣಕಾಳಿನಿಂದ 17, ಒಂದು ಹಿಡಿ ಶೇಂಗಾದಿಂದ, 50 ಗ್ರಾಂ ಎಂದುಕೊಳ್ಳಿ, 12, ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ 16, ಎರಡು ಮೊಟ್ಟೆಯಿಂದ 12. ಎಲ್ಲ ಸೇರಿ 72 ಗ್ರಾಂ. ಮೊಟ್ಟೆ ತಿನ್ನದವರು ಕಿರಾಣಿ ಅಂಗಡಿಯ ಮೀಲ್ ಮೇಕರ್, ಅಂದರೆ ಸೋಯಾ ಚಂಕ್ಸ್, 25 ಗ್ರಾಂ ಬೇಯಿಸಿಕೊಂಡರೆ ಅಷ್ಟೇ ಸಿಗುತ್ತದೆ. ಇನ್ನೂ ಹೆಚ್ಚು ಬೇಕಿದ್ದವರು ಕಾಳು, ಹಾಲು ಹೆಚ್ಚಿಸಿಕೊಳ್ಳಬಹುದು. ಆದರೆ ರೊಟ್ಟಿ, ಕೆಂಪು ಚಟ್ನಿ, ಮಿರ್ಚಿ ಮಂಡಕ್ಕಿಯಲ್ಲೇ ದಿನ ಕಳೆದು ಡಬ್ಬಿ ಕುಡಿದರೆ ಈ ಲೆಕ್ಕ ಕೂಡುವುದಿಲ್ಲ.

ಅರ್ಧ ಗಂಟೆಯ ಗಡುವಿನ ಮಾತೂ ಅಷ್ಟೇ. ದಿನದ ಒಟ್ಟು ಪ್ರೊಟೀನು ಸರಿಯಾಗಿದ್ದರೆ ಕುಡಿಯುವ ಹೊತ್ತಿನಿಂದ ಸ್ನಾಯುವಿನ ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ ಎಂದು 2013ರ ವಿಶ್ಲೇಷಣೆಯೊಂದು ತೋರಿಸಿದೆ. ಓಡಿ ಬಂದು ಸ್ನಾನ ಮಾಡಿ ನಿಧಾನವಾಗಿ ಊಟ ಮಾಡಿ. ಪುಡಿ ಕುಡಿದಾಗ ‘ಸುಸ್ತು ಹೋಯಿತು’ ಅನಿಸುವುದಕ್ಕೆ ಅದರ ಜೊತೆ ಹೊಟ್ಟೆಗೆ ಹೋದ ಅರ್ಧ ಲೀಟರ್ ನೀರೂ ಕಾರಣ ಇದ್ದೀತು. ನಮ್ಮ ಕಡೆಯ ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆಯೂ ಆ ಕೆಲಸ ಮಾಡುತ್ತದೆ.

ಕೊಳ್ಳಲೇಬೇಕು ಎನ್ನುವವರಿಗೆ

ಊಟದಲ್ಲಿ ಲೆಕ್ಕ ಕೂಡಿಸಲಾಗದವರು ಬಿಸಿಎಎ ಬಿಟ್ಟು ಒಂಬತ್ತೂ ಇರುವ ಇಎಎ ನೋಡಬಹುದು. ಅದಕ್ಕಿಂತ ವೇ ಪ್ರೊಟೀನು ವಾಸಿ ಎಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ವೇ ಒಂದು ಸ್ಕೂಪಿನಲ್ಲಿ ಒಂಬತ್ತರ ಜೊತೆಗೆ ಬಿಸಿಎಎ ಕೂಡ 5 ಗ್ರಾಂ ಆಸುಪಾಸು ಬಂದೇ ಬರುತ್ತದೆ. ಅದೂ ಅನಿವಾರ್ಯವಲ್ಲ, ಮೈ ಬೆಳೆಸಲು ಪ್ರೊಟೀನು ಪುಡಿಗಳನ್ನು ಬಳಸದಿರುವಂತೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ.

ಲೇಬಲ್ ಓದಿ. ಪ್ರತಿಯೊಂದು ಅಮೈನೋ ಆಮ್ಲ ಎಷ್ಟು ಗ್ರಾಂ ಎಂದು ಬಿಡಿಬಿಡಿಯಾಗಿ ಬರೆದಿರಬೇಕು. ಎಲ್ಲವನ್ನೂ ‘ಬ್ಲೆಂಡ್’ ಎಂದು ಒಂದೇ ಅಂಕಿಯಲ್ಲಿ ಮುಚ್ಚಿದ್ದರೆ ಕೆಳಗಿಡಿ. ಪ್ರೊಟೀನು ಪುಡಿಯಲ್ಲಿ ಇನ್ನೊಂದು ಮೋಸ ಇದೆ: ಸಾಮಾನ್ಯ ಪರೀಕ್ಷೆ ಅಳೆಯುವುದು ನೈಟ್ರೋಜನ್ ಅನ್ನು, ಹಾಗಾಗಿ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿ ಪ್ರೊಟೀನಿನ ಅಂಕಿಯನ್ನು ಉಬ್ಬಿಸಬಹುದು. ಭಾರತದಲ್ಲಿ ಮಾರುವ 36 ಪ್ರೊಟೀನು ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 70% ಪುಡಿಗಳ ಪ್ರೊಟೀನಿನ ಮಾಹಿತಿ ಸರಿಯಿರಲಿಲ್ಲ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯೇ ನೋಡಿ, ಅದನ್ನು ಅವರ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಹಾಕಿ ಯಾರ ಹೆಸರಿಗಿದೆ ಎಂದು ತಾಳೆ ಮಾಡಿ. ಸೀಲ್ ಒಡೆದು ಕವರಿನಲ್ಲಿ ತೂಗಿ ಕೊಡುವ ಪುಡಿ ಬೇಡವೇ ಬೇಡ.

ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, 18 ದಾಟದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಯಾರಾದರೂ ಸೂಜಿಯ ಮೂಲಕ ‘ಅಮೈನೋ’ ಕೊಡುತ್ತೇನೆ ಎಂದರೆ ಅದು ಸಪ್ಲಿಮೆಂಟ್ ಅಲ್ಲ, ಒಳಗೆ ಏನಿದೆ ಎಂದು ಗೊತ್ತಾಗುವುದೂ ಇಲ್ಲ. ಇನ್ನು ಭಾರಿ ಕಸರತ್ತಿನ ಮರುದಿನ ನೋವು ವಿಪರೀತವಾಗಿ, ಮೂತ್ರ ಕೋಲಾದಂತೆ ಕಪ್ಪಾಗಿ ಬಂದರೆ ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತಿರಬಹುದು. ಆಗ ಯಾವ ಪುಡಿಯನ್ನೂ ಕಲಸುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ.